ಅಳತೆಯಣ್ಣನ ಎಡಹೆಗಲು

ಅಳತೆಯಣ್ಣನ ಎಡಹೆಗಲ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕೊಬ್ಬಿನ ಗಂಟಿತ್ತು. ಒಂಬತ್ತು ವರ್ಷದಿಂದ ಅದು ತನ್ನ ಪಾಡಿಗಿತ್ತು, ಇವನು ತನ್ನ ಪಾಡಿಗಿದ್ದ. ಅದರ ತಂಟೆಗೆ ಮೊದಲು ಹೋದದ್ದು ಒಂದು ಕೋಟು.

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ ನಿಲ್ಲುವುದು. ಎತ್ತರ, ಎದೆ, ಸೊಂಟ ಎಲ್ಲವೂ ಸರಾಸರಿ ಎಂಬ ಒಂದೇ ಯೋಗ್ಯತೆಯ ಮೇಲೆ, ಮಾದರಿ ಬಟ್ಟೆಗಳನ್ನೆಲ್ಲ ಅವನ ಮೈಮೇಲೇ ಹಾಕಿ ನೋಡುತ್ತಿದ್ದರು. ಅಂದು ಬೆಳಗ್ಗೆ ಯಜಮಾನರು ಹೊಸ ಕೋಟನ್ನು ಅವನಿಂದ ಬಿಚ್ಚಿಸಿ ಮರದ ಬೊಂಬೆಗೆ ತೊಡಿಸಿದರು. ಬೊಂಬೆಯ ಎಡಹೆಗಲಲ್ಲಿ ಬಟ್ಟೆ ಬುಸ್ಸನೆ ಉಬ್ಬಿ ನಿಂತಿತು.

"ಏನ್ರೀ ಮಾಸ್ತರೇ ಇದು?"

ಕತ್ತರಿ ಮಾಸ್ತರು ತಲೆ ಕೆರೆದುಕೊಂಡರು. "ಇವನ ಮೈಮೇಲೆ ಸರಿಯಾಗಿ ಕೂರ್ಲಿ ಅಂತ ಅಲ್ಲೊಂದು ಬೆರಳಷ್ಟು ಬಟ್ಟೆ ಬಿಟ್ಟೆ."

ಯಜಮಾನರು ಅಳತೆಯಣ್ಣನ ಹೆಗಲನ್ನು ತಡವಿ ನೋಡಿ ಕೆಂಡವಾದರು. "ಪಾರ್ಸೆಲ್ ಹಂಚೋರಿಗೆ ಎರಡು ಸಾವಿರ ಕೋಟು! ಅಷ್ಟೂ ಜನಕ್ಕೆ ಗಂಟಿದೆಯೇನಯ್ಯಾ? ನಾಲ್ಕು ಗಂಟೆಗೆ ಗಿರಾಕಿ ಬರ್ತಾರೆ. ಈ ಗಂಟು ಇರೋ ತನಕ ನಿನಗೆ ನಿಲ್ಲೋ ಕೆಲಸ ಇಲ್ಲ. ನಾಳೆಯಿಂದ ಗೋದಾಮಲ್ಲಿ ಮೂಟೆ ಎತ್ತು."

ಗೋದಾಮಿಗೆ ಮೂರು ಮಹಡಿ. ಐವತ್ತಮೂರು ವರ್ಷದ ಮೊಣಕಾಲುಗಳು ಮಾತು ಕೇಳಿಯೇ ಕಟಕಟ ಎಂದವು.

ಸುದ್ದಿ ಹರಡಿ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಗಂಟನ್ನು ಒತ್ತಿ ನೋಡಿದರು. ಕಾಜಾ ಹಾಕುವ ಅಕ್ಕ, "ಬುಡಕ್ಕೆ ದಾರ ಬಿಗಿದು ಕಟ್ಟು, ತಾನೇ ಉದುರುತ್ತೆ," ಎಂದಳು. "ಬಿಸಿ ತಾಗಿದ್ರೆ ಕೊಬ್ಬು ಕರಗಲ್ವಾ?" ಎನ್ನುತ್ತ ಇಸ್ತ್ರಿಯವನು ಹಬೆಯಾಡುವ ಪೆಟ್ಟಿಗೆ ಸಮೇತ ಹತ್ತಿರ ಬಂದ. ಗುಮಾಸ್ತ ಮಾತ್ರ ದನಿ ತಗ್ಗಿಸಿ, "ನನ್ನ ಭಾವಮೈದುನನಿಗೂ ಹೀಗೇ ಇತ್ತು," ಎಂದ.

"ಆಮೇಲೇನಾಯ್ತು?"

"ಗೊತ್ತಿಲ್ಲ. ನಾವು ಮಾತು ಬಿಟ್ವಿ."

ಅಳತೆಯಣ್ಣನಿಗೆ ಬದುಕೇ ಬೇಸರವಾಯಿತು. ಊಟ ಬಿಟ್ಟು ಆಸ್ಪತ್ರೆಗೆ ನಡೆದ.

"ಇದು ಬರೀ ಕೊಬ್ಬು, ಹಾಗೇ ಬಿಟ್ರೂ ಏನೂ ಆಗಲ್ಲ," ಎಂದರು ಡಾಕ್ಟರಮ್ಮ. "ಏನು ತೊಂದರೆ ನಿಮಗೆ?"

"ಕೋಟು ಕೂರ್ತಿಲ್ಲ."

"ಕೋಟು ಬದಲಾಯಿಸಿ."

"ಎರಡು ಸಾವಿರ ಇದೆ ಡಾಕ್ಟ್ರೇ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಸಾವಧಾನವಾಗಿ ಬಿಡಿಸಿ ಹೇಳಿದರು. ಇಂಜೆಕ್ಷನ್ ಕೊಟ್ಟು ಕುಗ್ಗಿಸಬಹುದು, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪೂರ್ತಿ ಹೋಗುವ ಖಾತ್ರಿಯಿಲ್ಲ. ಕೊಳವೆ ಹಾಕಿ ಹೀರಿದರೆ ಗಾಯ ಚಿಕ್ಕದು, ಒಳಗೆ ಚೂರು ಉಳಿದರೆ ಮತ್ತೆ ಬೆಳೆದೀತು. ಆ ಜಾಗ ಮರಗಟ್ಟಿಸಿ ಕೊಯ್ದು ತೆಗೆದರೆ ಅರ್ಧ ಗಂಟೆ, ನಾಲ್ಕು ಹೊಲಿಗೆ.

"ನಾಲ್ಕು ಗಂಟೆಯೊಳಗೆ ಮುಗಿಯೋದು ಯಾವುದು?"

"ಕೊಯ್ಯೋದು."

"ಕೊಯ್ದುಬಿಡಿ ತಾಯಿ."

ಪಟ್ಟಿ ಕಟ್ಟಿಸಿಕೊಂಡು ಅವನು ಕಾರ್ಖಾನೆ ಮುಟ್ಟುವಾಗ ನಾಲ್ಕೂವರೆ. ಗಿರಾಕಿ ಬಂದು ಹೋಗಿದ್ದರು. ಯಜಮಾನರು ಓಡಿ ಬಂದು ಅವನ ಕೈ ಹಿಡಿದು ಕುಲುಕಿದರು.

"ಪಾಸಾಯ್ತು ಕಣಯ್ಯಾ! ಆ ಮನುಷ್ಯ ಕೋಟು ತೊಟ್ಟು, ಹೆಗಲಿಗೆ ಪಾರ್ಸೆಲ್ ಚೀಲ ಏರಿಸ್ಕೊಂಡು ಮೆಟ್ಟಿಲು ಹತ್ತಿ ಇಳಿದ. ಆ ಉಬ್ಬಿಗೆ ತಡೆದು ಚೀಲದ ಪಟ್ಟಿ ಒಂಚೂರೂ ಜಾರ್ಲಿಲ್ಲ! ಎರಡು ಸಾವಿರವೂ ಹೀಗೇ ಬೇಕಂತೆ. ಪ್ರತಿ ಕಟ್ಟಿನ ಮೊದಲ ಕೋಟು ನಿನ್ನ ಮೈಮೇಲೆ ಹಾಕಿ ನೋಡ್ಬೇಕಂತೆ. ಗೋದಾಮು ಗೀದಾಮು ಎಲ್ಲಾ ಮರೆತುಬಿಡು, ನಿಂತ್ಕೋ ಇಲ್ಲಿ!"

ಕೋಟು ತೊಡಿಸಿದರು. ಎಡಹೆಗಲು ಸೊರಗಿ ಜೋತುಬಿತ್ತು.

"ಗಂಟೆಲ್ಲಯ್ಯಾ?"

"ತೆಗೆಸ್ದೆ."

"ಯಾರನ್ನ ಕೇಳಿ ತೆಗೆಸ್ದೆ? ಈಗ ಎಲ್ಲಿದೆ ಅದು?"

"ಲ್ಯಾಬಿಗೆ ಕಳಿಸಿದ್ರು."

"ವಾಪಸ್ ಕೊಡ್ತಾರಾ ಕೇಳು!"

ಯಜಮಾನರನ್ನು ಸಮಾಧಾನ ಮಾಡಿದವರು ಕತ್ತರಿ ಮಾಸ್ತರೇ. ಹತ್ತಿ ತುಂಬಿ ಬಟ್ಟೆಯ ಗಂಟೊಂದನ್ನು, ಹಳೆಯ ಅಳತೆಗೆ ಒಂದು ಎಳೆಯೂ ಹೆಚ್ಚುಕಮ್ಮಿಯಾಗದಂತೆ ದುಂಡಗೆ ಹೊಲಿದು, ಗಾಯದ ಪಟ್ಟಿಯ ಮೇಲೆಯೇ ಬಿಗಿದು ಕಟ್ಟಿದರು. ಅಳತೆಯಣ್ಣ ಕೈಗಳನ್ನು ಅಗಲಿಸಿ ನಿಂತ. ಮರಗಟ್ಟಿಸಿದ ಮದ್ದು ಆಗಷ್ಟೇ ಇಳಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೋಯದಿದ್ದ ಗಂಟು ಈಗ ನೋಯತೊಡಗಿತು.