ಅಳಿಸಿದ ಮೇಲೂ ಕಾಣುತ್ತಿದ್ದ ಮುಖ

ಮರೆವಿಗಿಂತ ನೆನಪನ್ನು ಕಂಡರೇ ನನಗೆ ಹೆದರಿಕೆ. ಮರೆವು ಸುಮ್ಮನಿರುತ್ತದೆ, ನೆನಪು ನನ್ನ ಪರವಾಗಿ ವಕಾಲತ್ತು ವಹಿಸುತ್ತದೆ. ಈಗ ಹೇಳಹೊರಟ ಸಂಗತಿಯನ್ನು ಹತ್ತಾರು ಜನರಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ನನ್ನ ತಪ್ಪು ಒಂದಿಷ್ಟು ಸವೆದಿದೆ. ಪೂರ್ತಿ ಸವೆದು ಹೋಗುವ ಮೊದಲೇ ಬರೆದಿಡುವುದು ಒಳ್ಳೆಯದು.

ಅಮ್ಮತ್ತಿಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಆಫೀಸಿಗೆ ಕಂಪ್ಯೂಟರು ಬಂದು ಹದಿನೈದು ದಿನವಾಗಿತ್ತು. ನಾನು ಪಂಡಿತನಾಗಿ ಹದಿನಾಲ್ಕು ದಿನ. ಪಕ್ಕದ ತೋಟದ ಮುತ್ತಕ್ಕ ತಮ್ಮ ತಂದೆಯ ಫೋಟೋ ಹಿಡಿದು ಬಂದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಮಡಿಕೇರಿಯಲ್ಲಿ ತೆಗೆಸಿದ್ದಂತೆ. ತಲೆಗೆ ಪೇಟ, ಸೊಂಟಕ್ಕೆ ಪೀಚೆಕತ್ತಿ, ಮುಖದ ಮೇಲೆ ನಲವತ್ತು ಮಳೆಗಾಲದ ಬಿಳಿ ಬೂಷ್ಟು. ಆ ಮನುಷ್ಯರ ಫೋಟೋ ಅಂತ ಇದ್ದದ್ದು ಅದೊಂದೇ.

"ಭಾನುವಾರ ಕಾರಣರಿಗೆ ಎಡೆ ಇಡ್ಲಿಕ್ಕುಂಟು ರೈಟರೇ. ಅಪ್ಪನ ಮುಖ ಸ್ವಲ್ಪ ತೊಳೆದು ಕೊಡಿ. ನಿಮ್ಮ ಮಿಷನಲ್ಲಿ ಎಲ್ಲ ಆಗ್ತದಂತಲ್ಲ?"

ತೀರಿಹೋದ ಹಿರಿಯರೇ ಅವರಲ್ಲಿ ಕಾರಣರು. ವರ್ಷಕ್ಕೊಮ್ಮೆ ಅವರ ಮುಂದೆ ಕೋಳಿಸಾರು, ಕಡಂಬುಟ್ಟು, ಒಂದು ಲೋಟ ಬ್ರಾಂದಿ ಇಟ್ಟು, ಮನೆಯ ಸುಖದುಃಖವನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. "ಇದೆಂಥ ದೊಡ್ಡ ಕೆಲಸ ಮುತ್ತಕ್ಕ, ನಾಡಿದ್ದೇ ಬನ್ನಿ" ಎಂದೆ.

ಫೋಟೋವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಅಷ್ಟಕ್ಕೆ ಬಿಡಬಹುದಿತ್ತು. ಗಾಜು ತೆಗೆದರೆ ಇನ್ನೂ ಚೆನ್ನಾಗಿ ಬಂದೀತೆಂದು ಎಳೆದೆ. ಗಾಜಿಗೆ ಅಂಟಿದ್ದ ಮುಖ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಬೆವರು ಒರೆಸಿಕೊಂಡು, ಹೋಗಲಿ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬೂಷ್ಟು ತೆಗೆಯಲು ಒಂದು ಗುಂಡಿಯಿತ್ತು. ಒತ್ತಿದೆ. ಪರದೆಯ ಮೇಲಿನ ಚಿತ್ರ ಕದಲಲಿಲ್ಲ. ಮತ್ತೆ ಒತ್ತಿದೆ. ಹದಿನೇಳು ಸಲ ಒತ್ತಿದ್ದು ನೆನಪು. ನೆನಪು ಹದಿನೇಳು ಅನ್ನುತ್ತಿದೆ ಅಂದರೆ ಮೂವತ್ತಾದರೂ ಇರಬೇಕು. ಪ್ರತಿ ಸಲವೂ ಜಾಗ್ರತೆಯ ಮನುಷ್ಯನಂತೆ ಸೇವ್ ಮಾಡಿದೆ. ಕೊನೆಗೆ ಬಂದದ್ದು ಬರಲಿ ಎಂದು ಪ್ರಿಂಟ್ ಕೊಟ್ಟೆ. ಕಾಗದದಲ್ಲಿ ಪೇಟವಿತ್ತು, ಕತ್ತಿಯಿತ್ತು. ನಡುವೆ, ಸಿಪ್ಪೆ ಸುಲಿದ ಮೊಟ್ಟೆಯಂತೆ, ಬೆಳ್ಳಗೆ ನುಣ್ಣಗೆ ಏನೋ ಇತ್ತು.

ಕಂಪ್ಯೂಟರು ಕೊಟ್ಟ ಅಂಗಡಿಯವನಿಗೆ ಫೋನು ಮಾಡಿದೆ.

"ಚಿತ್ರ ಒಳಗೆ ಬದಲಾಗಿದೆ ಸಾರ್, ಪರದೆ ಮಾತ್ರ ಹಳೇದನ್ನೇ ತೋರಿಸ್ತಿದೆ. ರಿಫ್ರೆಶ್ ಒತ್ತಿ, ಹೊಸದು ಬರ್ತದೆ."

"ಹೊಸದನ್ನು ನೋಡಿದೆ ಮಾರಾಯ. ಹಳೇದು ಬೇಕು!"

"ಸೇವ್ ಮಾಡಿದ್ರಾ?"

"ಪ್ರತಿ ಸಲವೂ."

"ಹಾಗಾದ್ರೆ ಏನೂ ಒತ್ತಬೇಡಿ ಸಾರ್" ಎಂದ.

ಆ ಮುಖ ಈಗ ಭೂಮಿಯ ಮೇಲೆ ಉಳಿದದ್ದು ಪರದೆಯ ಆ ಬೆಳಕಿನಲ್ಲಿ ಮಾತ್ರ. ಎರಡು ದಿನ ಅದರ ಮುಂದೆ ಕಾವಲು ಕೂತೆ. ಪರದೆಯಲ್ಲಿ ಕಂಡದ್ದನ್ನು ಹಾಗೆಯೇ ಹಿಡಿದಿಡುವ ಕೀಲಿಯೊಂದು ನನ್ನ ಮೂಗಿನ ಕೆಳಗೇ ಇತ್ತೆಂದು ತಿಳಿದದ್ದು ಆಮೇಲೆ. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಪಂಡಿತ ಕೇಳುವುದು ಹೇಗೆ?

ಶನಿವಾರ ಮುತ್ತಕ್ಕ ಬಂದರು. ಪರದೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಪ್ಪನೇ! ಬೂಷ್ಟು ಇದ್ರೆ ಇರ್ಲಿ ಬಿಡಿ. ಹೀಗೇ ಒಂದು ಕಾಗದಕ್ಕೆ ಇಳಿಸಿ."

ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಹೋಯಿತು.

"ಈ ಹಾಳು ಕರೆಂಟು!" ಎಂದರು ಅವರು. "ಹೌದು, ಹಾಳು ಕರೆಂಟು. ಅದರಿಂದಲೇ ಎಲ್ಲ ಹೋಯಿತು" ಎಂದೆ ನಾನು. ಪುಡಿಯಾದ ಫೋಟೋಗಿಂತ ಈ ಮಾತಿಗೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಏಕೆಂದರೆ ಮುತ್ತಕ್ಕ ನಂಬಿದರು. ನಂಬಿ, ನನಗೇ ಸಮಾಧಾನ ಹೇಳಿದರು: "ಪಾಪ, ನೀವೆಂಥ ಮಾಡ್ತೀರಿ? ಎರಡು ದಿನ ನಿದ್ದೆಗೆಟ್ಟಿದ್ದೀರಿ, ಮುಖ ನೋಡಿದ್ರೆ ಗೊತ್ತಾಗ್ತದೆ. ಕಾಫಿ ಕಳಿಸ್ತೇನೆ."

ಆ ಕಾಫಿಯನ್ನು ಕುಡಿಯಲಾಗಲಿಲ್ಲ. ಲೋಟ ಹಿಡಿದುಕೊಂಡೇ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ: ಗಾಜು, ಗುಂಡಿ, ಮುಖವಿಲ್ಲದ ಪ್ರಿಂಟು, ಕರೆಂಟಿನ ಮೇಲೆ ಹೊರಿಸಿದ ಸುಳ್ಳು. ಮುತ್ತಕ್ಕ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟರು.

"ಆ ಕಾಗದ ಉಂಟಾ?"

"ಉಂಟು. ಆದ್ರೆ ಅದರಲ್ಲಿ..."

"ನಾಳೆ ತನ್ನಿ. ನನ್ನತ್ರ ಹೇಳಿ ಎಂಥ ಪ್ರಯೋಜನ? ಅಪ್ಪನತ್ರ ನೀವೇ ಹೇಳಿ."

ಭಾನುವಾರ ಎಡೆಯ ಮುಂದೆ ಆ ಕಾಗದವನ್ನು ನಿಲ್ಲಿಸಿದರು. ಮನೆಯವರೆಲ್ಲ ನನ್ನ ಹಿಂದೆ. ಕೈಮುಗಿದೆ. ಕ್ಷಮೆ ಕೇಳುವಾಗ ಮುಖ ನೋಡಬೇಕು. ನಾನು ಅಳಿಸಿದ್ದು ಅದನ್ನೇ. ಕಡೆಗೆ ಪೇಟವನ್ನು ನೋಡುತ್ತ ಮೆಲ್ಲಗೆ ಶುರುಮಾಡಿದೆ.

"ಜೋರಾಗಿ ಹೇಳಿ ರೈಟರೇ" ಎಂದರು ಮುತ್ತಕ್ಕ ಹಿಂದಿನಿಂದ. "ಅಪ್ಪನಿಗೆ ಕಿವಿ ಮಂದ."

ಕಿವಿಗಳನ್ನೂ ನಾನು ಉಳಿಸಿರಲಿಲ್ಲ.