ಹತ್ತನೆಯ ನಿಯಮ ಮುರಿದದ್ದು

ನಿಯಮ ಪಾಲಿಸುವುದು ಕಷ್ಟ, ಮುರಿಯುವುದು ಸುಲಭ ಎನ್ನುವವರು ಯಾವ ನಿಯಮವನ್ನೂ ಬೇಕೆಂದೇ ಮುರಿದು ನೋಡಿದವರಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೂ, ಒಣಹಾಕಿದ ಅಂಗಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲದಿದ್ದರೆ ನನಗೆ ಕಾಫಿ ಗಂಟಲಿಗೆ ಇಳಿಯುವುದಿಲ್ಲ. "ಅವಕ್ಕೂ ಒಂದ್ಸಲ ಅಟೆನ್ಷನ್ ಹೇಳಿಬಿಡಿ" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಇಂಥ ನಾನು, ಹೊತ್ತು ಹೋಗಲೆಂದು, ನಂಜನಗೂಡಿನ ಒಂದು ಸ್ಟುಡಿಯೋದ ಮಹಡಿಯಲ್ಲಿ ಭಾನುವಾರ ನಡೆಯುತ್ತಿದ್ದ ಫೋಟೋಗ್ರಫಿ ತರಗತಿಗೆ ಸೇರಿದೆ. ಕ್ಯಾಮೆರಾಕ್ಕೆ ಇನ್ನೂ ರೀಲು ಹಾಕುತ್ತಿದ್ದ ಕಾಲ. ರೀಲಿಗೆ ಮೂವತ್ತಾರು ಫೋಟೋ.

ಕಲಿಸುವವನು ಮಾದೇಶ, ನನ್ನ ಹಳೆಯ ಶಿಷ್ಯ. ಸಾಲಿನಿಂದ ಒಂದು ಗೇಣು ಆಚೆ ನಿಂತನೆಂದು ಅವನನ್ನು ಎಷ್ಟೋ ಸಲ ಮೈದಾನ ಸುತ್ತಿಸಿದ್ದೇನೆ. ಎರಡು ತಿಂಗಳು ಅವನು ಹತ್ತು ನಿಯಮ ಕಲಿಸಿದ. ನೆಲದ ಗೆರೆ ಓರೆಯಾಗಬಾರದು, ತಲೆ ಕತ್ತರಿಸಬಾರದು, ಹೀಗೆ. ನಾನು ಕೆಂಪು ಗೆರೆ ಹಾಕಿ ಬರೆದುಕೊಂಡೆ. ಆಮೇಲೆ ಒಂದು ಭಾನುವಾರ, ನನ್ನನ್ನೇ ನೋಡುತ್ತಾ, "ಈಗ ಹತ್ತನ್ನೂ ಬೇಕಂತ್ಲೇ ಮುರ್ಕೊಂಡು ಬನ್ನಿ ಸಾ, ಎರಡು ವಾರ ಟೈಮು. ಮಾರ್ಕ್ಸ್ ಇದೆ" ಎಂದ. ಸೇಡು ಎನ್ನಲಾರೆ. ಮುಖದಲ್ಲಿ ತೃಪ್ತಿಯಂತೂ ಇತ್ತು.

ಮುರಿಯುವುದಕ್ಕೂ ಟೈಮ್ ಟೇಬಲ್ ಹಾಕಿಕೊಂಡೆ. ದಿನಕ್ಕೊಂದು ನಿಯಮ. ಸೋಮವಾರ ಕಪಿಲಾ ಹೊಳೆಯನ್ನು ಓರೆಯಾಗಿ ತೆಗೆದೆ. ಕೋನಮಾಪಕ ಇಟ್ಟು, ಸರಿಯಾಗಿ ಹದಿನೈದು ಡಿಗ್ರಿ. ಮಂಗಳವಾರ ಹಾಲಿನವನನ್ನು ನಿಲ್ಲಿಸಿ ಕತ್ತಿನವರೆಗೆ ಮಾತ್ರ ತೆಗೆದೆ. "ಮೀಸೆ ಚೆನ್ನಾಗ್ ಬಂತಾ ಸಾ?" ಎಂದು ಕೇಳಿದ. ಬರಲೇ ಇಲ್ಲವೆನ್ನಲು ಧೈರ್ಯವಾಗಲಿಲ್ಲ. ಹೀಗೆ ಒಂಬತ್ತು ಮುಗಿದವು. ಹತ್ತನೆಯದು: ಜನರನ್ನು ಅಂಚಿಗೆ ತಳ್ಳಿ ನಡುವೆ ಖಾಲಿ ಬಿಡಬಾರದು. ರೀಲಿನಲ್ಲಿ ಉಳಿದಿದ್ದದ್ದೂ ಒಂದೇ ಫೋಟೋ.

ಆ ದಿನವೇ ತಿ. ನರಸೀಪುರದಿಂದ ಸರೋಜಳ ಅಕ್ಕ ನಾಗಮ್ಮ ಬಂದರು. ಅಕ್ಕತಂಗಿಯರು ಜೊತೆಗಿರುವ ಫೋಟೋ ಒಂದೂ ಇಲ್ಲ. ಅಕ್ಕನ ಮದುವೆಯ ಫೋಟೋದಲ್ಲಿ ಸರೋಜಳ ಮುಖಕ್ಕೆ ಯಾರದೋ ಪೇಟ ಅಡ್ಡ ಬಂದಿದೆ. "ರೀ, ನಿಮ್ಮ ಪಾಠ ಬದಿಗಿಟ್ಟು ನಮ್ಮಿಬ್ಬರದೂ ಒಂದು ತೆಗೀರಿ. ಅಕ್ಕ ಮನೇಲಿ ತೂಗುಹಾಕ್ಬೇಕಂತೆ" ಎಂದಳು. ಆಗಲಿ ಎಂದೆ. ಇಬ್ಬರನ್ನೂ ಉದ್ದನೆಯ ಬೆಂಚಿನ ಎರಡು ತುದಿಗೆ ಕೂರಿಸಿದೆ.

"ಯಾಕ್ ಮೇಷ್ಟ್ರೇ, ನಾವೇನ್ ಜಗಳ ಆಡಿದ್ದೀವಾ?" ಎಂದರು ನಾಗಮ್ಮ.

"ಇದು ಹೊಸ ಪದ್ಧತಿ ಅತ್ತಿಗೆ."

"ನಡುವೆ ಯಾರ್ ಬರ್ಬೇಕು?"

"ಯಾರೂ ಬರಬಾರದು."

"ನೋಡೇ ಸರೋಜ, ನಮ್ಮೂರಲ್ಲಿ ಜಮೀನ್ ಪಾಲಿಗೆ ಇಂಗೇ ಕೂತ್ಕತಾರೆ" ಎಂದರು. ನಾನು ಗುಂಡಿ ಒತ್ತಿದೆ. ಅವರು ನಾಲ್ಕರ ಬಸ್ಸಿಗೆ ಹೊರಟರು.

ತೊಳೆಸಲು ಮೈಸೂರಿಗೆ ಕಳಿಸಿದ್ದ ರೀಲಿನ ಫೋಟೋಗಳು ಶನಿವಾರ ಬಂದವು. ಸರೋಜ ತಮ್ಮಿಬ್ಬರ ಫೋಟೋ ನೋಡಿದಳು. ಎದ್ದು ಒಳಗೆ ಹೋದಳು. ಮದುವೆಯಾದಂದಿನಿಂದ ನಾನು ಹೆದರುವುದು ಇದೊಂದಕ್ಕೇ. ಕತ್ತರಿ ತಂದು, ನಡುವಿನ ಖಾಲಿ ಜಾಗವನ್ನು ಕತ್ತರಿಸಿ ತೆಗೆದು, ಅಕ್ಕತಂಗಿಯರನ್ನು ಭುಜಕ್ಕೆ ಭುಜ ಸೇರಿಸಿ ರಟ್ಟಿಗೆ ಅಂಟಿಸಿದಳು. ಅಕ್ಕನ ಕಡೆಯ ಬೆಂಚು ಸ್ವಲ್ಪ ಮೇಲೆ, ತಂಗಿಯ ಕಡೆಯದು ಸ್ವಲ್ಪ ಕೆಳಗೆ. ಆದರೂ ಇಡೀ ರೀಲಿನಲ್ಲಿ ನೋಡುವಂತಿದ್ದದ್ದು ಅದೊಂದೇ. ಸಂಜೆಯೇ ಅದು ನೆರೆಯವರ ಕೈಯಲ್ಲಿ ನರಸೀಪುರಕ್ಕೆ ಹೋಯಿತು. ಉಳಿದ ಎರಡು ಬೆರಳಗಲದ ಚೂರನ್ನು ನನ್ನ ಕೈಗಿಟ್ಟು, "ನಿಮ್ಮ ಪಾಠಕ್ಕೆ ಬೇಕಾಗಿದ್ದು ಇದೇ ತಾನೆ?" ಎಂದಳು.

ಇನ್ನೊಂದು ಪ್ರತಿ ಹಾಕಿಸಲು ಹೊತ್ತಿರಲಿಲ್ಲ. ಮರುದಿನ ತರಗತಿಯಲ್ಲಿ ಒಂಬತ್ತು ಫೋಟೋಗಳ ಜೊತೆ ಆ ಚೂರನ್ನೂ ಒಪ್ಪಿಸಿದೆ. "ಈ ಒಂಬತ್ತಕ್ಕೂ ನೀವು ಡ್ರಿಲ್ ಮಾಡ್ಸಿದ್ದೀರಿ ಸಾ" ಎಂದ ಮಾದೇಶ. ಆಮೇಲೆ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. ಬರೀ ಬೆಂಚು, ಬರೀ ಗೋಡೆ, ಸೊಟ್ಟ ಅಂಚು. "ಇದು ನೋಡಿ ಮುರಿಯೋದು ಅಂದ್ರೆ. ಕೈಗೆ ಒಂಚೂರೂ ಭಯ ಇಲ್ಲ" ಎಂದು ಪೂರ್ತಿ ಅಂಕ ಕೊಟ್ಟ. ನಾನೇ ತರಗತಿಗೆ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೈ ಯಾರದೆಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಹುಮಾನ ಪಡೆಯುವವನು ಚಪ್ಪಾಳೆ ಮುಗಿಯುವವರೆಗೂ ನೆಟ್ಟಗೆ, ಬಾಯಿ ಮುಚ್ಚಿಕೊಂಡು ನಿಲ್ಲಬೇಕೆಂಬುದು ಮೂವತ್ತು ವರ್ಷ ನಾನೇ ಕಲಿಸಿದ ಶಿಸ್ತು. ನಿಂತೆ.