ಎರಡನೇ ಬೇಸಿನಲ್ಲಿ ಎಪ್ಪತ್ತಮೂರು ದಿನ

ಮೊರಪ್ಪೂರಿನ ಗಣಿತದ ಮೇಷ್ಟರು ಪ್ರಭಾಕರ್ ಅವರನ್ನು ಸೇಲಂ–ಧರ್ಮಪುರಿ ಶಾಲಾ ಬಾಲಕಿಯರ ಬೇಸ್‌ಬಾಲ್ ಸಂಯುಕ್ತ ಸಮಿತಿಯು ಅಂಪೈರ್ ಆಗಿ ನೇಮಿಸಿದ್ದು ಮೂರು ಕಾರಣಗಳಿಂದ. ಕಾರಣಗಳನ್ನು ಆದೇಶದಲ್ಲೇ ನಮೂದಿಸಲಾಗಿತ್ತು. ಒಂದು, ಸದರಿಯವರಿಗೆ ದೂರದ ಅಕ್ಷರ ಕನ್ನಡಕವಿಲ್ಲದೆ ಕಾಣುತ್ತದೆ. ಎರಡು, ಸದರಿಯವರಲ್ಲಿ ಸ್ವಂತ ಟೋಪಿ ಇದೆ. ಮೂರು, ಸದರಿಯವರ ಗೃಹಜವಾಬ್ದಾರಿ: ಇಲ್ಲ.

ಮೂರೂ ನಿಜವೇ. ಅವರ ಹೆಂಡತಿ ಮೇನಕಾ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಸೇವಾ ನಮೂನೆಯ ಒಂಬತ್ತನೇ ಕಾಲಮ್ಮಿನಲ್ಲಿ ‘ಇದೆ’ ಎಂದಿದ್ದುದನ್ನು ಹೊಡೆದು ‘ಇಲ್ಲ’ ಎಂದು ಬರೆದವರು ಅವರೇ. ಪಕ್ಕದಲ್ಲಿ ಸಹಿ ಹಾಕಿ ತಾರೀಕನ್ನೂ ಬರೆದಿದ್ದರು.

ಪ್ರಭಾಕರ್ ಯಾವುದನ್ನೂ ಅರ್ಧ ತಿಳಿದು ಮಾಡಿದವರಲ್ಲ. ನಿಯಮಗಳ ಪುಸ್ತಕ ಅಂಚೆಯಲ್ಲಿ ಬಂದ ದಿನವೇ ಅಡುಗೆಮನೆಯ ನೆಲದ ಮೇಲೆ ಒಗ್ಗರಣೆ ಡಬ್ಬಿಯನ್ನು ಒಂದನೇ ಬೇಸಾಗಿ, ಕಾಫಿ ಫಿಲ್ಟರನ್ನು ಎರಡನೆಯದಾಗಿ, ಉಪ್ಪಿನ ಭರಣಿಯನ್ನು ಮೂರನೆಯದಾಗಿ ಇಟ್ಟರು. ಹೊರಟವರು ಸುತ್ತಿ ಬಂದು ಸೇರಬೇಕಾದ ಹೋಮ್ ಬೇಸಿಗೆ ಮೇನಕಾ ಕೂರುತ್ತಿದ್ದ ಮಣೆ ಇಟ್ಟರು. ಹುಣಸೆಬೀಜಗಳು ಆಟಗಾರ್ತಿಯರಾದವು.

ಮೂರು ಸಂಜೆಗಳಲ್ಲಿ ವಿಷಯ ತಿಳಿಯಾಯಿತು. ಒಂದು ಬೇಸಿನಲ್ಲಿ ಇಬ್ಬರು ನಿಲ್ಲುವಂತಿಲ್ಲ. ಚೆಂಡು ಹೊಡೆದವಳು ಒಂದನೇ ಬೇಸಿಗೆ ಓಡಲೇಬೇಕು. ಆದ್ದರಿಂದ ಅಲ್ಲಿ ಮೊದಲೇ ನಿಂತವಳು ಜಾಗ ಬಿಟ್ಟು ಎರಡನೆಯದಕ್ಕೆ ಓಡಲೇಬೇಕು. ಹೀಗೆ ಹಿಂದಿನವರ ದೆಸೆಯಿಂದ ಓಡುವವಳನ್ನು ಔಟು ಮಾಡಲು ಅವಳನ್ನು ಮುಟ್ಟಬೇಕಾಗಿಲ್ಲ. ಚೆಂಡು ಹಿಡಿದವಳು ಅವಳಿಗಿಂತ ಮೊದಲು ಆ ಬೇಸನ್ನು ತುಳಿದರೆ ಸಾಕು. ಅದು ಫೋರ್ಸ್ ಔಟ್. ಹಿಂದೆ ಯಾರ ಒತ್ತಾಯವೂ ಇಲ್ಲದೆ ತಾನಾಗಿ ಓಡುವವಳನ್ನು ಚೆಂಡಿನಿಂದ ಮುಟ್ಟಿಯೇ ಔಟು ಮಾಡಬೇಕು. ಅದು ಟ್ಯಾಗ್. ಇನ್ನು, ಹಿಂದಿನವಳು ಔಟಾದ ಗಳಿಗೆಯಲ್ಲೇ ಮುಂದಿನವಳ ಮೇಲಿದ್ದ ಒತ್ತಾಯ ಮುಗಿಯುತ್ತದೆ. ಆಮೇಲೆ ಅವಳನ್ನೂ ಮುಟ್ಟಲೇಬೇಕು. ಈ ಕೊನೆಯ ವಾಕ್ಯದ ಕೆಳಗೆ ಪ್ರಭಾಕರ್ ಸ್ಕೇಲಿಟ್ಟು ಗೆರೆ ಎಳೆದರು.

ಏಪ್ರಿಲ್ ಹದಿನಾರರಂದು ಪಾಪಿರೆಡ್ಡಿಪಟ್ಟಿಯ ಮೈದಾನದಲ್ಲಿ ಮೇಚೇರಿ ತಂಡಕ್ಕೂ ಪಾಪಿರೆಡ್ಡಿಪಟ್ಟಿ ತಂಡಕ್ಕೂ ಫೈನಲ್ ನಡೆಯಿತು. ‘ಗೆದ್ದ ಪಾಪಿರೆಡ್ಡಿಪಟ್ಟಿ ತಂಡಕ್ಕೆ ಅಭಿನಂದನೆಗಳು’ ಎಂಬ ಫ್ಲೆಕ್ಸನ್ನು ಪೆಂಡಾಲಿಗೆ ಹಿಂದಿನ ದಿನವೇ ಕಟ್ಟಲಾಗಿತ್ತು. ಅದರಲ್ಲಿ ಸಮಿತಿಯ ಕಾರ್ಯದರ್ಶಿ ಧನಶೇಖರ್ ಕೈಮುಗಿದು ನಿಂತಿದ್ದರು. ಯಾವ ಕೆಲಸವನ್ನೂ ಕೊನೆಯ ಗಳಿಗೆಗೆ ಬಿಡದವರೆಂದು ಅವರಿಗೆ ಹೆಸರಿತ್ತು.

ಕೊನೆಯ ಸರದಿಯಲ್ಲಿ ಓಟಗಳು ಸಮನಾಗಿದ್ದವು. ಸಮಿತಿಯ ನಿಯಮ ಒಂಬತ್ತರ ಪ್ರಕಾರ ಓಟ ಸಮನಾಗಿ ಆಟ ಮುಗಿದರೆ ಪೆಂಡಾಲು ಹಾಕಿಸಿದ ಶಾಲೆ ಗೆದ್ದಂತೆ. ಮೇಚೇರಿಗೆ ಉಳಿದದ್ದು ಎರಡೇ ಔಟು. ಒಂದನೇ ಬೇಸಿನಲ್ಲಿ ಸರಿತಾ ನಿಂತಿದ್ದಳು. ಕುರಿ ಸಾಕುವ ಮನೆಯ ಹುಡುಗಿ, ಹನ್ನೆರಡನೇ ತರಗತಿ ಮುಗಿಸಿದ್ದಳು. ಸೇಲಂನ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಸೀಟಿಗೆ ಅರ್ಜಿ ಹಾಕಿದ್ದಳು. ಜೂನ್ ಮೂವತ್ತರೊಳಗೆ ಗೆದ್ದ ಸರ್ಟಿಫಿಕೇಟು ಕೊಟ್ಟರೆ ಸೀಟು, ಇಲ್ಲವಾದರೆ ಕುರಿಯ ಹಿಂದೆ. ಸೋತವರಿಗೆ ಸರ್ಟಿಫಿಕೇಟು ಅಚ್ಚು ಹಾಕಿಸುವ ಪದ್ಧತಿ ಸಮಿತಿಯಲ್ಲಿ ಇರಲಿಲ್ಲ.

ಮೇಚೇರಿಯ ಶಿವಲಕ್ಷ್ಮಿ ಚೆಂಡನ್ನು ಹೊಡೆದಳು. ಅದು ನೆಲದ ಮೇಲೆ ಉರುಳಿ ಒಂದನೇ ಬೇಸಿನ ಕಾವಲಿನವಳ ಕೈಗೇ ಹೋಯಿತು. ಅವಳು ತನ್ನ ಬೇಸನ್ನು ತುಳಿದಳು. ಶಿವಲಕ್ಷ್ಮಿ ಔಟು. ಕೂಡಲೇ ಕಾವಲಿನವಳು ಚೆಂಡನ್ನು ಎರಡನೇ ಬೇಸಿನಲ್ಲಿದ್ದ ತನ್ನ ತಂಡದ ಮುನಿಲಕ್ಷ್ಮಿಗೆ ಎಸೆದಳು. ಮುನಿಲಕ್ಷ್ಮಿ ಹಿಡಿದು ಬೇಸನ್ನು ತುಳಿದಳು. ಆಮೇಲೆ ಸರಿತಾ ಬಂದು ಅದೇ ಬೇಸನ್ನು ತುಳಿದಳು. ಮುನಿಲಕ್ಷ್ಮಿ ಅವಳನ್ನು ಮುಟ್ಟಲಿಲ್ಲ.

“ಸೇಫ್,” ಎಂದು ಪ್ರಭಾಕರ್ ಎರಡೂ ಕೈ ಚಾಚಿದರು.

ಧನಶೇಖರ್ ಪೆಂಡಾಲಿನಿಂದ ಎದ್ದು ಬಂದರು.

“ಏನ್ ಸಾರ್, ಬಾಲ್ ಮೊದ್ಲು ಬಂತಲ್ಲ. ಅಪ್ಪುರಂ ತಾನೆ ಆ ಹುಡ್ಗಿ ಬಂದದ್ದು?”

“ಬಂತು ಸಾರ್. ಆದರೆ ಮುಟ್ಟಲಿಲ್ಲ. ಅವಳ ಹಿಂದೆ ಬರುತ್ತಿದ್ದವಳು ಆಗಲೇ ಔಟು. ಹಿಂದೆ ಯಾರೂ ಇಲ್ಲ.”

“ಯಾರ ಹಿಂದೆ ಯಾರಿದಾರೆ ಅನ್ನೋದನ್ನ ಸಮಿತಿ ತೀರ್ಮಾನ ಮಾಡ್ತೈತೆ. ನೀವು ಅಂಪೈರು. ನೋಡೋದಷ್ಟೇ ನಿಮ್ಮ ಕೆಲ್ಸ.”

“ಹಾಗಾದರೆ ಸಮಿತಿ ಹೇಳುವವರೆಗೆ ಆಟ ನಿಲ್ಲಿಸಲೇ?”

“ನಿಲ್ಲಿಸಕ್ಕೆ ಎರಡು ಜಿಲ್ಲೆಯ ಒಪ್ಪಿಗೆ ಬೇಕು ಸಾರ್.”

ಹೀಗೆ ಆಟ ನಿಲ್ಲಲೂ ಇಲ್ಲ, ಮುಂದುವರಿಯಲೂ ಇಲ್ಲ. ಮರುದಿನ ಸಮಿತಿಯ ಮೊದಲನೇ ಸುತ್ತೋಲೆ ಹೊರಟಿತು. ಸದರಿ ಪಂದ್ಯವು ಕಚೇರಿಯ ವೇಳೆಯಲ್ಲಿ, ಅಂದರೆ ಹತ್ತರಿಂದ ಐದೂಮುಕ್ಕಾಲರವರೆಗೆ, ಚಾಲ್ತಿಯಲ್ಲಿ ಇರತಕ್ಕದ್ದು. ಓಟಗಾರ್ತಿಯು ಬೇಸಿನ ಮೇಲೆ ಕಾಲಿಟ್ಟಿರತಕ್ಕದ್ದು. ಕಾಲು ತೆಗೆದಲ್ಲಿ ಮುಟ್ಟಿ ಔಟು ಮಾಡಲು ಸದರಿ ಮುನಿಲಕ್ಷ್ಮಿಯು ಚೆಂಡು ಹಿಡಿದು ಸಮೀಪದಲ್ಲಿ ಇರತಕ್ಕದ್ದು. ಸಂಜೆ ಓಟಗಾರ್ತಿಯ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಿಗ್ಗೆ ಅದೇ ಪಾದವೆಂದು ಅಂಪೈರರು ದೃಢೀಕರಿಸತಕ್ಕದ್ದು.

ಬೇಸೆಂದರೆ ಯೂರಿಯಾ ಚೀಲಕ್ಕೆ ಕಡಲೆಕಾಯಿ ಸಿಪ್ಪೆ ತುಂಬಿ ಹೊಲಿದ ದಿಂಬು. ಅದರ ಮೇಲೆ ಒಂದು ಕಾಲಿಟ್ಟು ಸರಿತಾ ಏಪ್ರಿಲ್ ಮುಗಿಸಿದಳು. ಮೊದಲ ವಾರ ಮುನಿಲಕ್ಷ್ಮಿ ಚೆಂಡು ಹಿಡಿದು ಹಾವು ಕಾದಂತೆ ಕಾದಳು. ಎರಡನೇ ವಾರ ಇಬ್ಬರಿಗೂ ಒಂದೇ ಕೊಡೆ ಸಾಕೆಂದು ತೀರ್ಮಾನವಾಯಿತು. ಮೂರನೇ ವಾರದಿಂದ ಸರಿತಾ ರಾತ್ರಿ ತಂಗುತ್ತಿದ್ದುದು ಮುನಿಲಕ್ಷ್ಮಿಯ ಮನೆಯಲ್ಲೇ. ಮೇಚೇರಿಗೆ ದಿನಾ ಹೋಗಿಬರುವುದು ಆಗುವ ಮಾತಾಗಿರಲಿಲ್ಲ.

“ಲೇ ಸರಿತಾ, ಕಾಲು ನೋಯಲ್ವಾ ನಿಂಗೆ? ಒಂದ್ ಗಳ್ಗೆ ತೆಗಿಯೇ. ಸುಮ್ನೆ ಇರ್ತೀನಿ.”

“ನೀನಾ? ನೆನ್ನೆ ನಂಗೆ ಸೊಳ್ಳೆ ಕಚ್ತು ಅಂತ ಕೆರ್ಕೊಂಡಾಗ ಚೆಂಡು ತಕ್ಕೊಂಡು ಎದ್ದು ನಿಂತ್ಕಂಡೆ.”

“ಅದು ಪಳಕ್ಕ ಆಗೋಗೈತೆ ಕಣೇ, ಕೈಗೆ ರೂಢಿ. ಮನೇಲಿ ನಮ್ಮವ್ವ ಸೌಟು ಕೊಟ್ರೂ ಈ ಕೈಯಾಗೆ ಇಸ್ಕೋತೀನಿ, ಚೆಂಡು ಬಿಡಲ್ಲ.”

ಪ್ರಭಾಕರ್ ಇದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ರಿಜಿಸ್ಟರಿನಲ್ಲಿ ಬರೆದರು: ಆಟ ನಡೆಯುತ್ತಿದೆ. ಸರಿತಾ: ಸೇಫ್. ಮುಟ್ಟಿದವರು: ಯಾರೂ ಇಲ್ಲ.

ಮೇ ತಿಂಗಳಲ್ಲಿ ಸಮಿತಿಯ ಮೂರನೇ ಸುತ್ತೋಲೆ ಬಂತು. ಹಿಂದಿನಿಂದ ಬರುತ್ತಿದ್ದವರು ಔಟಾಗಿದ್ದರೂ, ಔಟಾದ ಬಗ್ಗೆ ಪ್ರಮಾಣಪತ್ರ ಸಲ್ಲಿಕೆಯಾಗುವವರೆಗೆ ಅವರು ಬರುತ್ತಲೇ ಇದ್ದಾರೆಂದು ಭಾವಿಸತಕ್ಕದ್ದು. ಶಿವಲಕ್ಷ್ಮಿ ತಾನು ಔಟಾದದ್ದು ನಿಜವೆಂದು ಅರ್ಜಿ ಬರೆದು ಕೊಟ್ಟಳು. ಔಟಾದವರಿಗೆ ಅರ್ಜಿ ಸಲ್ಲಿಸುವ ಹಕ್ಕಿಲ್ಲವೆಂಬ ಷರಾದೊಂದಿಗೆ ಅದು ಹಿಂದಕ್ಕೆ ಬಂತು.

ಪ್ರಭಾಕರ್ ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮೇನಕಾ ಕೂಡ ಟೀಚರೇ ಆಗಿದ್ದಳು. ಮರಣ ಪ್ರಮಾಣಪತ್ರ ಕಚೇರಿ ಸೇರುವವರೆಗಿನ ಆರು ತಿಂಗಳಲ್ಲಿ ಅವಳ ಹೆಸರಿಗೆ ಎರಡು ಪರೀಕ್ಷಾ ಕೆಲಸ, ಒಂದು ಮತದಾನದ ಕೆಲಸ ಬಂದಿದ್ದವು. ಹಾಜರಾಗದ್ದಕ್ಕೆ ಕಾರಣ ಕೇಳಿ ಬಂದ ನೋಟೀಸಿಗೆ ಉತ್ತರ ಬರೆದವರು ಅವರೇ.

ಸರಿತಾಳ ಅಜ್ಜಿ ಸಪ್ಪಲಮ್ಮ ಮೊಮ್ಮಗಳನ್ನು ನೋಡಲು ಬಂದದ್ದು ಆ ವಾರ. ಮೇಷ್ಟರು ನೆಲದ ಮೇಲೆ ಕಡ್ಡಿಯಿಂದ ನಾಲ್ಕು ಮನೆ ಬರೆದು ವಿಷಯ ವಿವರಿಸಿದರು. ಅವಳು ಎಲೆಅಡಿಕೆ ಮೆಲ್ಲುತ್ತ ಕೇಳಿದಳು.

“ಇದೇನು ವಾದ್ಯಾರೇ ಅಂಥ ದೊಡ್ಡ ವಿಷ್ಯ? ದೊಡ್ಡಿ ಬಾಗ್ಲಾಗೆ ಇಂದಿನ ಕುರಿ ಗುದ್ದಿದ್ರೆ ಮುಂದಿಂದು ಓಗ್ತೈತೆ. ಇಂದಿನದ್ರ ಕಾಲು ಇಡ್ಕಂಡ್ರೆ ಮುಂದಿಂದು ನಿಂತ್ಕಂತೈತೆ. ಆಮ್ಯಾಕೆ ಅದನ್ನ ಇಡೀಬೇಕು ಅಂದ್ರೆ ನೀನೇ ಓಗಿ ಮೈಮ್ಯಾಲೆ ಕೈ ಆಕ್ಬೇಕು. ಬಾಗ್ಲು ತುಳಿದ್ರೆ ಕುರಿ ಸಿಕ್ತೈತಾ?”

ಪ್ರಭಾಕರ್ ಕಡ್ಡಿ ಕೆಳಗಿಟ್ಟರು. ಮೂರು ಸಂಜೆ ಹುಣಸೆಬೀಜ ಸರಿಸಿ ಕಲಿತದ್ದನ್ನು ಈಕೆ ಒಂದು ಉಸಿರಿನಲ್ಲಿ ಹೇಳಿದ್ದಳು. ಅವರು ಅದನ್ನು ಅಕ್ಷರ ಬಿಡದೆ ಬರೆದುಕೊಂಡು ಸಮಿತಿಗೆ ಕಳಿಸಿದರು.

ಸಮಿತಿ ಉತ್ತರಿಸಿತು: ಸದರಿ ಸಪ್ಪಲಮ್ಮನವರಿಗೆ ಅಂಪೈರ್ ಸರ್ಟಿಫಿಕೇಟು ಇಲ್ಲದ್ದರಿಂದ ಅವರ ಮಾತನ್ನು ಪರಿಗಣಿಸಲಾಗದು. ಆದರೆ ಕುರಿಗಳ ವಿಷಯದಲ್ಲಿ ಅಂತಹ ಅಡ್ಡಿ ಇಲ್ಲ. ಆದ್ದರಿಂದ ನಾಲ್ಕು ಕುರಿಗಳನ್ನು ಸಾಕ್ಷಿಯಾಗಿ ಹಾಜರುಪಡಿಸತಕ್ಕದ್ದು.

ನಾಲ್ಕು ಮೇಚೇರಿ ಕುರಿಗಳು ಮಿನಿ ಲಾರಿಯಲ್ಲಿ ಬಂದವು. ಮೈದಾನದ ಮೂಲೆಯಲ್ಲಿ ಬಿದಿರಿನ ಬಾಗಿಲು ನಿಲ್ಲಿಸಲಾಯಿತು. ಕುರಿಗಳು ಸಪ್ಪಲಮ್ಮ ಹೇಳಿದಂತೆಯೇ ನಡೆದುಕೊಂಡವು. ಹಿಂದಿನದು ಗುದ್ದಿದಾಗ ಮುಂದಿನದು ಹೋಯಿತು. ಹಿಂದಿನದರ ಕಾಲು ಹಿಡಿದಾಗ ಮುಂದಿನದು ನಿಂತು ಫ್ಲೆಕ್ಸಿನ ಹಗ್ಗ ಜಗಿಯಿತು. ಸಮಿತಿಯ ಐವರೂ ಕುರ್ಚಿ ಹಾಕಿಕೊಂಡು ನೋಡಿದರು. ಸಾಕ್ಷಿಗಳನ್ನು ಸಮಿತಿಯ ವಶಕ್ಕೆ ತೆಗೆದುಕೊಳ್ಳಲಾಯಿತು. ಮಧ್ಯಾಹ್ನ ಒಂದೂವರೆಗೆ ಸಾಕ್ಷಿಗಳನ್ನು ಸವಿವರವಾಗಿ ಪರಿಶೀಲಿಸಲಾಯಿತು. ಅಭಿಪ್ರಾಯ ಒಮ್ಮತದ್ದಾಗಿತ್ತೆಂದೂ, ಖಾರ ಸ್ವಲ್ಪ ಮುಂದಿತ್ತೆಂದೂ ನಡಾವಳಿಯಲ್ಲಿ ದಾಖಲಾಯಿತು.

ಸದಸ್ಯರೊಬ್ಬರು ಪ್ರಯೋಗದ ವೇಳೆ ಫೋನಿನಲ್ಲಿದ್ದ ಕಾರಣ ಇನ್ನೊಮ್ಮೆ ತೋರಿಸಬೇಕೆಂದು ಧನಶೇಖರ್ ಹೇಳಿಕಳಿಸಿದರು.

“ಇನ್ನೂ ನಾಕು ಕುರಿ ತರ್ಲಾ, ಇಲ್ಲ ನೇರಾ ಮಸಾಲೇನೇ ಅರ್ದು ತರ್ಲಾ?” ಎಂದು ಸಪ್ಪಲಮ್ಮ ಕೇಳಿದಳು.

ಎರಡನ್ನೂ ತರಬಹುದೆಂದು ಲಿಖಿತ ಉತ್ತರ ಬಂತು. ಸಪ್ಪಲಮ್ಮ ಎರಡನ್ನೂ ತರಲಿಲ್ಲ. ಊರಿಗೂ ಹೋಗಲಿಲ್ಲ. ಮುನಿಲಕ್ಷ್ಮಿಯ ಮನೆಯ ಒಲೆ ಹಂಚಿಕೊಂಡು ದಿನಾ ಮಧ್ಯಾಹ್ನ ರಾಗಿಮುದ್ದೆ, ಹುರುಳಿ ಸಾರು ಮಾಡಿ ಮೈದಾನಕ್ಕೆ ತಂದಳು. ಮೇಷ್ಟರು ತಮ್ಮ ಡಬ್ಬಿಯ ತಣ್ಣನೆಯ ಚಿತ್ರಾನ್ನ ತೆಗೆದಾಗ ಅದನ್ನು ಕಸಿದು ಮುಚ್ಚಿದಳು.

“ಎಷ್ಟ್ ದಿನ ಆಯ್ತು ವಾದ್ಯಾರೇ ಬಿಸಿ ಇಟ್ಟು ತಿಂದು?”

ಪ್ರಭಾಕರ್ ಲೆಕ್ಕ ಹಾಕಿ ಹೇಳಿದರು. “ಹದಿನೈದು ತಿಂಗಳು, ಎರಡು ದಿನ.”

ಅವಳು ಇನ್ನೊಂದು ಮುದ್ದೆ ಇಟ್ಟಳು.

ಜೂನ್ ಇಪ್ಪತ್ತರ ಹೊತ್ತಿಗೆ ಸರಿತಾ ಮಾತು ಕಡಿಮೆ ಮಾಡಿದಳು. ಒಂದು ಬೆಳಿಗ್ಗೆ, ಪಾದ ಪರೀಕ್ಷೆಗೆ ಮೇಷ್ಟರು ಬಗ್ಗಿದ್ದಾಗ ಹೇಳಿದಳು, “ಔಟು ಅಂದ್ಬಿಡಿ ಸಾರ್. ಸೀಟು ಓದ್ರೆ ಓಗ್ಲಿ. ಅಜ್ಜೀನೂ ಊರಿಗೆ ಓಗ್ತಾಳೆ, ನೀವೂ ಮನೆಗೆ ಓಗ್ತೀರ.”

ಧನಶೇಖರ್ ಕೂಡ ಅಂದೇ ಬಂದು ಅದನ್ನೇ ಹೇಳಿದ್ದರು. ಒಂದು ಮಾತು ಸಾರ್, ಎಲ್ಲರಿಗೂ ಬಿಡುಗಡೆ.

“ನಿನ್ನನ್ನು ಯಾರಾದರೂ ಮುಟ್ಟಿದರೇನಮ್ಮ?” ಎಂದು ಪ್ರಭಾಕರ್ ಕೇಳಿದರು.

“ಇಲ್ಲ ಸಾರ್.”

“ಹಾಗಾದರೆ ನಾನೇನು ಮಾಡಲಿ?” ಎಂದು ಅವರು ಅವಳ ಅರ್ಜಿಯ ನಮೂನೆ ಕೇಳಿ ಪಡೆದರು. ಎಲ್ಲರೂ ಮುಂದಿನ ಪುಟವನ್ನಷ್ಟೇ ಓದಿದ್ದರು. ಪ್ರಭಾಕರ್ ಹಿಂದಿನ ಪುಟವನ್ನೂ ಓದಿದರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಪಂದ್ಯವು ಇನ್ನೂ ನಡೆಯುತ್ತಿದ್ದಲ್ಲಿ, ಭಾಗವಹಿಸಿದ ದಿನಗಳ ಸಂಖ್ಯೆಯನ್ನು ಅಂಪೈರರಿಂದ ದೃಢೀಕರಿಸಿ ಲಗತ್ತಿಸುವುದು. ದಿನಕ್ಕೆ ಒಂದು ಅಂಕ.

ಜೂನ್ ಇಪ್ಪತ್ತೇಳರಂದು ಪ್ರಭಾಕರ್ ಎಪ್ಪತ್ತಮೂರು ದಿನಗಳ ರಿಜಿಸ್ಟರಿನ ನಕಲು ಮಾಡಿ, ಪ್ರತಿ ಪುಟಕ್ಕೂ ಸಹಿ ಹಾಕಿ ಸೇಲಂಗೆ ತಲುಪಿಸಿದರು. ಆ ಕಾಲೇಜಿನಲ್ಲಿ ಅದುವರೆಗೆ ಯಾರಿಗೂ ನಾಲ್ಕಕ್ಕಿಂತ ಹೆಚ್ಚು ಅಂಕ ಬಂದಿರಲಿಲ್ಲ. ಸರಿತಾಳಿಗೆ ಮೊದಲನೇ ಸೀಟು ಸಿಕ್ಕಿತು. ತಾನೂ ಅರ್ಜಿ ಹಾಕಿದ್ದ, ಅಷ್ಟೇ ದಿನ ಚೆಂಡು ಹಿಡಿದಿದ್ದ ಮುನಿಲಕ್ಷ್ಮಿಗೆ ಎರಡನೆಯದು. ಷರತ್ತು ಒಂದೇ: ಪಂದ್ಯ ಮುಗಿದ ದಿನ ಪ್ರವೇಶವೂ ರದ್ದು.

ಸಮಿತಿ ತುರ್ತುಸಭೆ ಸೇರಿತು. ಪಂದ್ಯ ಮುಗಿಯದಿದ್ದರೆ ಫ್ಲೆಕ್ಸು ಸುಳ್ಳಾಗುವುದಿಲ್ಲವೆಂಬುದನ್ನು ಧನಶೇಖರ್ ಗಮನಕ್ಕೆ ತಂದರು. ಸಭೆಗಳೂ ಮುಂದುವರಿಯಬಹುದು. ಓಟಗಾರ್ತಿಯು ಬೇಸನ್ನು ಬಿಡಬಾರದೆಂದು ನಿಯಮವಿದೆಯೇ ಹೊರತು ಬೇಸು ಊರನ್ನು ಬಿಡಬಾರದೆಂದು ಇಲ್ಲ ಎಂಬ ಪ್ರಭಾಕರರ ಟಿಪ್ಪಣಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಆಟವಿರುವಲ್ಲಿ ಅಂಪೈರ್ ಇರಬೇಕಾದ್ದರಿಂದ ಅವರನ್ನೂ ಮೂರು ವರ್ಷದ ಮಟ್ಟಿಗೆ ಆನ್ ಡ್ಯೂಟಿಯಲ್ಲಿ ಕಾಲೇಜಿಗೆ ಕಳಿಸಲಾಯಿತು.

ಜುಲೈ ಒಂದರ ಬೆಳಿಗ್ಗೆ ಸೇಲಂ ಬಸ್ಸಿನಲ್ಲಿ ಸರಿತಾ ಯೂರಿಯಾ ಚೀಲದ ಮೇಲೆ ಕಾಲಿಟ್ಟು ನಿಂತಿದ್ದಳು. ಪಕ್ಕದಲ್ಲಿ ಮುನಿಲಕ್ಷ್ಮಿ, ಕೈಯಲ್ಲಿ ಚೆಂಡು. ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡು ಪ್ರಭಾಕರ್. ಅವರ ಪಕ್ಕದಲ್ಲಿ ಮುದ್ದೆಯ ಡಬ್ಬಿ ಹಿಡಿದು ಸಪ್ಪಲಮ್ಮ.

“ಮುನ್ನಾಡಿ ಪೋಮ್ಮಾ, ಮುನ್ನಾಡಿ ಪೋ!” ಎಂದು ಕಂಡಕ್ಟರು ಸರಿತಾಳನ್ನು ಮುಂದಕ್ಕೆ ಸರಿಸಲು ಕೂಗಿದ.

“ಅವಳು ಹೋಗಬೇಕಾಗಿಲ್ಲ,” ಎಂದರು ಪ್ರಭಾಕರ್. “ಹಿಂದೆ ಯಾರೂ ಬರುತ್ತಿಲ್ಲ.”

ಕಂಡಕ್ಟರು ಹಿಂದೆ ತಿರುಗಿ ನೋಡಿದ. ನಿಜವಾಗಿಯೂ ಯಾರೂ ಇರಲಿಲ್ಲ. ಸರಿ ಸಾರ್ ಎಂದು ಚೀಲಕ್ಕೆ ಲಗೇಜು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಆ ತಿಂಗಳಲ್ಲೇ ವಾರ್ಷಿಕ ಸೇವಾ ನಮೂನೆಯನ್ನು ತುಂಬಬೇಕಾಗಿ ಬಂತು. ಒಂಬತ್ತನೇ ಕಾಲಮ್ಮಿನಲ್ಲಿ ಹಿಂದಿನ ವರ್ಷದ ‘ಇಲ್ಲ’ ಅಚ್ಚಾಗಿಯೇ ಬಂದಿತ್ತು. ಪ್ರಭಾಕರ್ ಸ್ಕೇಲಿಟ್ಟು ಅದನ್ನು ಹೊಡೆದು ‘ಇದೆ’ ಎಂದು ಬರೆದರು.

“ಏನ್ ಸಾರ್ ಇದು, ಗೃಹಜವಾಬ್ದಾರಿ?” ಎಂದು ಹೆಡ್‌ಮಾಸ್ಟರು ಕೇಳಿದರು.

“ಎರಡನೇ ಬೇಸ್, ಸಾರ್.”

ಹೆಡ್‌ಮಾಸ್ಟರು ತಲೆಯಾಡಿಸಿದರು. ಪಕ್ಕದಲ್ಲಿ ಸಹಿ ಹಾಕಿ ತಾರೀಕನ್ನೂ ಬರೆದರು.